ತಾಳಿಯಿಲ್ಲದ ಸಂಸಾರದ ಲೆಕ್ಕಪತ್ರ

ವಿವಾಹವಿಲ್ಲದೆ ಒಂದೇ ಸೂರಿನಡಿ ಬಾಳುವ ಗಂಡು ಹೆಣ್ಣುಗಳ ವಿಷಯವನ್ನು ಇಲ್ಲಿ ಎತ್ತಿಕೊಳ್ಳುವುದು ನಮ್ಮ ವಾಚಕರಲ್ಲಿ ಹಲವರಿಗೆ ರುಚಿಸಲಾರದೆಂಬುದನ್ನು ನಾವು ಬಲ್ಲೆವು. ಅಂಥ ಬಾಳುವೆ ಸರಿಯೇ ತಪ್ಪೇ ಎಂಬ ಜಿಜ್ಞಾಸೆಗೆ ನಾವು ಕೈಹಾಕುವುದಿಲ್ಲ. ಅದಕ್ಕೆ ಮನೆಯ ಹಿರಿಯರಿದ್ದಾರೆ, ಮಠ ಮಂದಿರಗಳಿವೆ, ಅವರವರ ಅಂತಃಸಾಕ್ಷಿಯಿದೆ. ನಾವು ಕೇಳಹೊರಟಿರುವ ಪ್ರಶ್ನೆ ಬಹು ಸಣ್ಣದು. ಏಳೆಂಟು ವರ್ಷ ಒಂದೇ ಒಲೆಯ ಅನ್ನವುಂಡ ಇಬ್ಬರು ಒಂದು ದಿನ ಬೇರೆಯಾದರೆ ಖೋಲಿಯ ಡಿಪಾಜಿಟ್ಟು ಯಾರಿಗೆ ಸೇರತಕ್ಕದ್ದು? ಇಬ್ಬರೂ ಹಣ ತುಂಬಿದ ಚೀಟಿ ಯಾರ ಪಾಲಿಗೆ? ಬ್ಯಾಂಕಿನ ಸಾಲವನ್ನು ತೀರಿಸುವವರಾರು? ಇದು ನೀತಿಯ ಪ್ರಶ್ನೆಯಲ್ಲ, ಲೆಕ್ಕದ ಪ್ರಶ್ನೆ. ಲೆಕ್ಕದ ಪ್ರಶ್ನೆಗೆ ಲೆಕ್ಕದಲ್ಲಿಯೇ ಉತ್ತರ ದೊರೆಯಬೇಕು.

ಈ ಪ್ರಶ್ನೆ ಸಿನಿಮಾದವರಿಗೂ ಸಿರಿವಂತರಿಗೂ ಮಾತ್ರ ಸಂಬಂಧಿಸಿದ್ದೆಂದು ಭಾವಿಸುವವರು ಪರವೂರಿನ ಬಾಳನ್ನು ಸರಿಯಾಗಿ ಕಂಡವರಲ್ಲ. ಹೊಟ್ಟೆಪಾಡಿಗಾಗಿ ಕರಾವಳಿಯನ್ನೂ ಬಯಲುಸೀಮೆಯನ್ನೂ ಬಿಟ್ಟು ಮುಂಬಯಿ, ಪುಣೆ, ಹೈದರಾಬಾದುಗಳನ್ನು ಸೇರಿದ ಜನರಲ್ಲಿ ಇದರ ಎರಡು ಬಗೆಗಳುಂಟು. ಊರಿನಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ಬಂದವನು ವರ್ಷಕ್ಕೊಮ್ಮೆ ರಜೆಯ ಮೇಲೆ ಹೋಗಿಬರುತ್ತ, ಪಟ್ಟಣದಲ್ಲಿ ಇನ್ನೊಬ್ಬಳೊಡನೆ ಮನೆ ಹೂಡುವುದು ಹಳೆಯ ಬಗೆ. ಇದು ಎಲ್ಲರಿಗೂ ಗೊತ್ತಿದ್ದು ಯಾರೂ ಆಡದ ಮಾತು. ಆಫೀಸುಗಳಲ್ಲಿ ದುಡಿಯುವ ತರುಣ ತರುಣಿಯರು, ಜಾತಿಯ ತೊಡಕಿನಿಂದಲೋ ಬಾಡಿಗೆಯ ಭಾರದಿಂದಲೋ ಸ್ವಂತ ಇಚ್ಛೆಯಿಂದಲೋ, ಮದುವೆಯನ್ನು ಮುಂದೂಡಿ ಒಟ್ಟಿಗೆ ಇರುವುದು ಹೊಸ ಬಗೆ. ಎರಡರಲ್ಲಿಯೂ ದುಡ್ಡು ಕೂಡುತ್ತದೆ. ಒಂದು ದಿನ ಸಂಬಂಧ ಮುರಿದರೆ ಆ ಕೂಡಿದ ದುಡ್ಡೇ ವ್ಯಾಜ್ಯದ ಮೂಲವಾಗುತ್ತದೆ.

ನಮ್ಮ ದೇಶದಲ್ಲಿ ಮದುವೆಯಾದವರ ಆಸ್ತಿಯೂ ಮದುವೆಯ ಮಾತ್ರದಿಂದ ಒಂದಾಗುವುದಿಲ್ಲವೆಂಬುದನ್ನು ಮೊದಲು ನೆನಪಿಡಬೇಕು. ಯಾರ ಹೆಸರಿನಲ್ಲಿದೆಯೋ ಅದು ಅವರದು. ಆದರೆ ಹೆಂಡತಿಗೆ ಜೀವನಾಂಶದ ಹಕ್ಕುಂಟು, ಸ್ತ್ರೀಧನವುಂಟು, ವಾರಸಿಕೆಯುಂಟು, ಕೌಟುಂಬಿಕ ನ್ಯಾಯಾಲಯದ ಬಾಗಿಲುಂಟು. ಮದುವೆಯಾಗದವರಿಗೆ ಇವುಗಳಲ್ಲಿ ಬಹುಪಾಲು ಇಲ್ಲ. ಅವರು ಅಗಲಿದಾಗ ಕೂಡಿ ಗಳಿಸಿದ್ದನ್ನು ಹೀಗೆ ಹಂಚತಕ್ಕದ್ದೆಂದು ವಿಧಿಸುವ ಕೇಂದ್ರ ಶಾಸನವೊಂದೂ ಇಲ್ಲ. ಆದಕಾರಣ ಅವರಿಬ್ಬರು ಕಾನೂನಿನ ಕಣ್ಣಿಗೆ ಬೀದಿಯಲ್ಲಿ ಎದುರುಬದುರಾದ ಇಬ್ಬರು ಅಪರಿಚಿತರಂತೆಯೇ. ಕರಾರಿನ ಕಾನೂನು, ಸ್ವತ್ತಿನ ವರ್ಗಾವಣೆಯ ಕಾನೂನು, ವಾಯಿದೆಯ ಕಾನೂನು, ಇವುಗಳ ತಕ್ಕಡಿಯಲ್ಲಿಯೇ ಅವರ ಸಂಸಾರವನ್ನೂ ತೂಗಬೇಕು.

ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಹೋಟೆಲೊಂದರ ಗಲ್ಲೆಯಲ್ಲಿ ಕೂರುವ ಒಬ್ಬನೂ ಖಾಸಗಿ ಆಫೀಸಿನ ಒಬ್ಬ ಕಾರಕೂನಳೂ ಡೊಂಬಿವಲಿಯಲ್ಲಿ 40 ಲಕ್ಷ ರೂಪಾಯಿಗೆ ಒಂದು ಫ್ಲಾಟನ್ನು ಇಬ್ಬರ ಹೆಸರಿನಲ್ಲಿ ಕೊಂಡರೆನ್ನಿ. ಮೊದಲು ಕಟ್ಟಬೇಕಾದ 10 ಲಕ್ಷದಲ್ಲಿ 6 ಲಕ್ಷ ಅವಳದು, 4 ಲಕ್ಷ ಅವನದು. ಮಿಕ್ಕ 30 ಲಕ್ಷ ಇಬ್ಬರ ಸಹಿಯ ಬ್ಯಾಂಕ್ ಸಾಲ. ಅನುಕೂಲಕ್ಕೆಂದು ಮಾಡಿಕೊಂಡ ಏರ್ಪಾಡಿನಂತೆ ಅವನ ಖಾತೆಯಿಂದ ತಿಂಗಳ ಕಂತು ಹೋಗುತ್ತದೆ. ಅವಳ ಸಂಬಳದಿಂದ ಅಕ್ಕಿ, ಬೇಳೆ, ತರಕಾರಿ, ಹಾಲು, ದೀಪದ ಬಿಲ್ಲು, ಊರಿನಿಂದ ಬಂದ ಅವನ ತಂದೆಯ ಔಷಧಿ. ಎಂಟು ವರ್ಷಗಳ ಬಳಿಕ ಇಬ್ಬರೂ ಅಗಲುತ್ತಾರೆ. ಅವನ ಕೈಯಲ್ಲಿ 96 ಕಂತುಗಳ ಬ್ಯಾಂಕ್ ಲೆಕ್ಕವಿದೆ. ಅವಳ ಕೈಯಲ್ಲಿ ಏನಿದೆ? ಕಂತು ಕಟ್ಟಿದವನ ಹಣ ಗೋಡೆಯಾಗಿ ನಿಂತಿದೆ. ಅಡಿಗೆಮನೆಗೆ ಕೊಟ್ಟವಳ ಹಣ ಉಂಡು ಹೋಗಿದೆ.

ಇಲ್ಲಿಗೆ ಅನ್ವಯಿಸುವುದು 1882ರ ಸ್ವತ್ತಿನ ವರ್ಗಾವಣೆಯ ಕಾನೂನಿನ 45ನೆಯ ಕಲಮು. ಇಬ್ಬರು ತಮ್ಮ ತಮ್ಮ ಬೇರೆ ಹಣದಿಂದ ಕೂಡಿ ಸ್ಥಿರಾಸ್ತಿ ಕೊಂಡಾಗ, ಬೇರೆ ಕರಾರಿಲ್ಲದಿದ್ದರೆ, ಕೊಟ್ಟ ಹಣದ ಪ್ರಮಾಣದಲ್ಲಿಯೇ ಪಾಲು. ಯಾರೆಷ್ಟು ಕೊಟ್ಟರೆಂಬುದಕ್ಕೆ ಪುರಾವೆಯಿಲ್ಲದಿದ್ದರೆ ಸಮಪಾಲೆಂದು ಭಾವಿಸತಕ್ಕದ್ದು. ಇದರ ವಿಚಿತ್ರವನ್ನು ನೋಡಿರಿ. ಇಬ್ಬರಲ್ಲಿಯೂ ಕಾಗದವಿಲ್ಲದಿದ್ದರೆ ಸಮಪಾಲು. ಒಬ್ಬನಲ್ಲಿ ಮಾತ್ರ ಇದ್ದರೆ ತನ್ನದೇ ಹೆಚ್ಚಿನ ಪಾಲೆಂದು ವಾದಿಸುವುದು ಅವನಿಗೆ ಸುಲಭ. ಎಂಟು ವರ್ಷದ ಅನ್ನದ ಖರ್ಚನ್ನು ಫ್ಲಾಟಿನ ಬೆಲೆಯೊಳಗೆ ಸೇರಿಸಿರೆಂದು ಹೇಳುವ ಮಾತು ಆ ಕಲಮಿನಲ್ಲಿಲ್ಲ. ಆದರೆ "ಬೇರೆ ಕರಾರಿಲ್ಲದಿದ್ದರೆ" ಎಂಬ ಅರ್ಥದ ಮಾತು ಇದೆಯಷ್ಟೆ! ಕ್ರಯಪತ್ರದಲ್ಲಿಯೇ ಇಬ್ಬರ ಪಾಲು ಇಷ್ಟಿಷ್ಟು ಎಂದು ಒಂದು ಸಾಲು ಬರೆಯಿಸಿದ್ದರೆ ಈ ಜಗಳದ ಬಹುಪಾಲು ಹುಟ್ಟುತ್ತಲೇ ಇರಲಿಲ್ಲ. ಫ್ಲಾಟಿನ ಟೈಲ್ಸಿನ ಬಣ್ಣವನ್ನು ಆರಿಸಲು ನಾಲ್ಕು ಭಾನುವಾರ ಅಲೆಯುವ ಜನ ಈ ಒಂದು ಸಾಲಿಗೆ ಅರ್ಧ ಗಂಟೆ ಕೊಡುವುದಿಲ್ಲ.

ಇದಕ್ಕಿಂತಲೂ ಅಪಾಯಕಾರಿಯಾದದ್ದು, ತನ್ನ ಹಣದಿಂದ ಸಂಗಾತಿಯ ಹೆಸರಿನಲ್ಲಿ ಆಸ್ತಿ ಮಾಡುವುದು. 1988ರ ಬೇನಾಮಿ ವ್ಯವಹಾರಗಳ ನಿಷೇಧ ಶಾಸನ 2016ರಲ್ಲಿ ತಿದ್ದುಪಡಿಯಾಗಿ ಬಹಳ ಬಿಗಿಯಾಯಿತು. ತನಗೆ ಗೊತ್ತಾದ ಆದಾಯಮೂಲದಿಂದ ಹೆಂಡತಿಯ ಅಥವಾ ಗಂಡನ ಹೆಸರಿನಲ್ಲಿ, ಮಕ್ಕಳ ಹೆಸರಿನಲ್ಲಿ ಕೊಂಡರೆ ಅದು ಬೇನಾಮಿಯಲ್ಲ. ಒಡಹುಟ್ಟಿದವರೊಡನೆ ಮತ್ತು ತಂದೆತಾಯಿಯರೊಡನೆ ಜಂಟಿಯಾಗಿ ಕೊಳ್ಳುವುದಕ್ಕೂ ರಿಯಾಯಿತಿಯಿದೆ. ಮದುವೆಯಾಗದ ಸಂಗಾತಿಗೆ ಆ ಪಟ್ಟಿಯಲ್ಲಿ ಸ್ಥಾನವಿಲ್ಲ. "ಹೆಸರು ಅವಳದು, ಹಣ ನನ್ನದು, ಮರಳಿ ಕೊಡಿಸಿರಿ" ಎಂದು ಅಗಲಿಕೆಯ ನಂತರ ಕೋರ್ಟಿನ ಮೆಟ್ಟಿಲು ಹತ್ತಿದವನು ತನ್ನ ಬಾಯಿಂದಲೇ ಬೇನಾಮಿಯನ್ನು ಒಪ್ಪಿಕೊಂಡಂತಾಗುವ ಸಂಭವವಿದೆ. ಬೇನಾಮಿ ಸ್ವತ್ತನ್ನು ನಿಜವಾದ ಒಡೆಯ ತಾನೆಂದು ದಾವೆ ಹೂಡಲು ಶಾಸನ ಬಿಡದು, ಸ್ವತ್ತು ಸರಕಾರದ ವಶವಾಗಬಹುದು, ಸೆರೆವಾಸವೂ ಒದಗಬಹುದು. ಆದಾಯತೆರಿಗೆಯ ಕಾನೂನಿನಲ್ಲಿಯೂ ಇದೇ ಭೇದ. ಪತಿಪತ್ನಿಯರು ಪರಸ್ಪರ ಕೊಟ್ಟ ಕಾಣಿಕೆಗೆ ಪಡೆದವರು ತೆರಿಗೆ ತೆರಬೇಕಿಲ್ಲ. ಸಂಬಂಧಿಕನಲ್ಲದವನಿಂದ ವರ್ಷದಲ್ಲಿ ಒಟ್ಟು 50,000 ರೂಪಾಯಿ ಮೀರಿದ ಹಣ ಕಾಣಿಕೆಯಾಗಿ ಬಂದರೆ ಅದು ಆದಾಯವೆನ್ನಿಸಿಕೊಳ್ಳುತ್ತದೆ. ಮದುವೆಯಾಗದ ಸಂಗಾತಿ ಈ ಲೆಕ್ಕದಲ್ಲಿ ಸಂಬಂಧಿಕನಲ್ಲ.

ಬ್ಯಾಂಕಿನ ವಿಷಯ ಬೇಗನೆ ಹೇಳಿ ಮುಗಿಸಬಹುದು. ಇಬ್ಬರಲ್ಲಿ ಯಾರಾದರೂ ತೆಗೆಯಬಹುದೆಂಬ ಷರತ್ತಿನ ಜಂಟಿ ಖಾತೆಯನ್ನು ಒಬ್ಬನು ಒಂದೇ ಸಂಜೆಯಲ್ಲಿ ಬರಿದು ಮಾಡಬಲ್ಲ. ಬ್ಯಾಂಕು ತಡೆಯದು, ಇನ್ನೊಬ್ಬರು ದಾವೆಯ ದಾರಿ ಹಿಡಿಯಬೇಕು. ಜಂಟಿ ಸಾಲದಲ್ಲಿ ಬ್ಯಾಂಕು ಇಬ್ಬರಲ್ಲಿ ಯಾರಿಂದಲಾದರೂ ಪೂರ್ತಿ ಹಣವನ್ನು ವಸೂಲು ಮಾಡಬಹುದು. ಹಾಗೆ ತೆತ್ತವರು ಇನ್ನೊಬ್ಬರಿಂದ ಅವರ ಪಾಲನ್ನು ಕೇಳಬಹುದೆಂಬುದು 1872ರ ಕರಾರು ಕಾನೂನಿನ 43ನೆಯ ಕಲಮು. ನೀವು ಅಗಲಿದ ಸುದ್ದಿ ಬ್ಯಾಂಕಿಗೆ ಸಂಬಂಧಿಸಿದ್ದಲ್ಲ. ಪ್ರೀತಿಯಿಂದ ತೊಡಿಸಿದ ಬಳೆ, ಸರ, ಕೊಟ್ಟಾಗಲೇ ದಾನ. ಮುನಿಸಾದ ಮೇಲೆ ಮರಳಿ ಕೇಳುವಂತಿಲ್ಲ. ಕೈಸಾಲವಾದರೆ ಕೇಳಬಹುದು, ಆದರೆ ಸಾಮಾನ್ಯವಾಗಿ ಕೊಟ್ಟ ದಿನದಿಂದ ಮೂರು ವರ್ಷದೊಳಗೆ. ಸಾಲಗಾರನು ವಾಯಿದೆಯೊಳಗೆ ಬರಹದಲ್ಲಿ ಒಪ್ಪಿ ಸಹಿ ಹಾಕಿದರೆ ಆ ದಿನದಿಂದ ಮತ್ತೆ ಮೂರು ವರ್ಷ. ಜತೆಗಿದ್ದಾಗ ಕೇಳಲು ಸಂಕೋಚ, ಅಗಲಿದ ಮೇಲೆ ಕೇಳಲು ವಾಯಿದೆಯಿಲ್ಲ! ಎಷ್ಟೋ ಹಣ ಈ ಸಂಕೋಚದಲ್ಲಿಯೇ ಮುಳುಗುತ್ತದೆ.

ಹಾಗಾದರೆ ಕಾನೂನು ಈ ಸಂಬಂಧವನ್ನು ಪೂರ್ತಿಯಾಗಿ ಕಾಣದೇ ಹೋಗಿದೆಯೆ? ಹಾಗೆ ಹೇಳಿದರೆ ಅಸತ್ಯವಾದೀತು. 2005ರಲ್ಲಿ ಅಂಗೀಕೃತವಾಗಿ 2006ರ ಅಕ್ಟೋಬರ್ 26ರಿಂದ ಜಾರಿಗೆ ಬಂದ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣೆಯ ಶಾಸನವು ಹೆಂಡತಿಯೊಡನೆ "ಮದುವೆಯ ಸ್ವರೂಪದ ಸಂಬಂಧ"ದಲ್ಲಿ ಬಾಳಿದ ಹೆಂಗಸನ್ನೂ ತನ್ನ ಆಸರೆಗೆ ತೆಗೆದುಕೊಂಡಿತು. ಇದನ್ನು ಹೊಡೆತ ಬಡಿತಗಳ ಕಾನೂನೆಂದು ತಿಳಿದವರೇ ಹೆಚ್ಚು. ಆದರೆ ಆರ್ಥಿಕ ಹಿಂಸೆಯೂ ಅದರ ವ್ಯಾಖ್ಯೆಯೊಳಗಿದೆ. ಹಕ್ಕಿನ ಹಣವನ್ನು ತಡೆಹಿಡಿಯುವುದು, ಮನೆಯ ಸಾಮಾನನ್ನೂ ಅವಳಿಗೆ ಪಾಲಿರುವ ಸ್ವತ್ತನ್ನೂ ಮಾರಿಬಿಡುವುದು, ಹಂಚಿಕೊಂಡ ಮನೆಯಿಂದ ಹೊರಹಾಕುವುದು, ಇವೆಲ್ಲ ಹಿಂಸೆಯೇ. ಮ್ಯಾಜಿಸ್ಟ್ರೇಟರು ಅವಳಿಗೆ ವಾಸದ ಆಜ್ಞೆಯನ್ನು ಕೊಡಬಹುದು; ಬಾಡಿಗೆ ಮನೆಯಾದರೂ, ಕರಾರು ಅವನೊಬ್ಬನ ಹೆಸರಿನಲ್ಲಿದ್ದರೂ ಅಡ್ಡಿಯಿಲ್ಲ. ತಿಂಗಳ ಖರ್ಚಿಗೆ ಹಣ ಕೊಡಿಸಬಹುದು, ನಷ್ಟ ತುಂಬಿಕೊಡಿಸಬಹುದು, ಅವಳ ಒಡವೆ ವಸ್ತು ಕಾಗದಪತ್ರಗಳನ್ನು ಮರಳಿಸೆಂದು ಆಜ್ಞಾಪಿಸಬಹುದು. ಮೊದಲ ವಿಚಾರಣೆಯಿಂದ 60 ದಿನಗಳಲ್ಲಿ ಅರ್ಜಿಯನ್ನು ಮುಗಿಸಲು ಯತ್ನಿಸಬೇಕೆಂದು ಶಾಸನ ಹೇಳುತ್ತದೆ. ಕೋರ್ಟುಗಳ ಮೊಗಸಾಲೆಯಲ್ಲಿ ಕಾದವರಿಗೆ ಆ 60 ದಿನ ಎಷ್ಟು ಉದ್ದವೆಂಬುದು ಗೊತ್ತು.

ಆದರೆ ಮದುವೆಯ ಸ್ವರೂಪದ ಸಂಬಂಧವೆಂದರೇನು? ಕೊಯಮತ್ತೂರಿನಿಂದ ಹೋದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2010ರ ಅಕ್ಟೋಬರಿನಲ್ಲಿ ಅದಕ್ಕೆ ನಾಲ್ಕು ಲಕ್ಷಣಗಳನ್ನು ಹೇಳಿತು. ಇಬ್ಬರೂ ಸಮಾಜದೆದುರು ದಂಪತಿಗಳಂತೆ ನಡೆದಿರಬೇಕು, ಮದುವೆಯ ವಯಸ್ಸಾಗಿರಬೇಕು, ಬೇರೆ ಮದುವೆ ಮುಂತಾದ ಅಡ್ಡಿಯಿಲ್ಲದೆ ಕಾನೂನುಬದ್ಧವಾಗಿ ವಿವಾಹವಾಗಲು ಅರ್ಹರಾಗಿರಬೇಕು, ಸ್ವಇಚ್ಛೆಯಿಂದ ಸಾಕಷ್ಟು ಕಾಲ ಜತೆಗೆ ಬಾಳಿರಬೇಕು. ಗಂಡಸೊಬ್ಬನು ಹಣಕೊಟ್ಟು ಸಾಕಿ, ಮುಖ್ಯವಾಗಿ ದೇಹಸುಖಕ್ಕೋ ಮನೆಗೆಲಸಕ್ಕೋ ಇಟ್ಟುಕೊಂಡವಳು ಈ ಆಸರೆಗೆ ಸೇರಳೆಂಬ ಮಾತೂ ಆ ತೀರ್ಪಿನಲ್ಲಿತ್ತು. "ಇಟ್ಟುಕೊಂಡವಳು" ಎಂಬರ್ಥದ ಇಂಗ್ಲಿಷ್ ಪದವನ್ನು ನ್ಯಾಯಾಲಯ ಬಳಸಿದ್ದನ್ನು ಆಗಿನ ಅಡಿಶನಲ್ ಸಾಲಿಸಿಟರ್ ಜನರಲ್ ಇಂದಿರಾ ಜೈಸಿಂಗರು ಬಹಿರಂಗವಾಗಿ ಆಕ್ಷೇಪಿಸಿದರು. ನಮಗೆ ಆ ಪದಕ್ಕಿಂತ ಅದರ ಹಿಂದಿನ ತರ್ಕವೇ ಹೆಚ್ಚು ಕಸಿವಿಸಿಯನ್ನುಂಟುಮಾಡುತ್ತದೆ. ಅವಳು ಹೆಂಡತಿಯಲ್ಲ, ಸೇವಕಿಯೆಂದೇ ಇಟ್ಟುಕೊಳ್ಳೋಣ. ಸೇವಕಿಯಾದರೆ ಸಂಬಳವೆಲ್ಲಿ? ಹೋಟೆಲಿನಲ್ಲಿ ತಟ್ಟೆ ತೊಳೆಯುವ ಹುಡುಗನಿಗೂ ಸಂಬಳ ಬಾಕಿಯಿದ್ದರೆ ಕೇಳಲು ಕಚೇರಿಯಿದೆ. ಹತ್ತು ವರ್ಷ ಒಬ್ಬನ ಮನೆಯ ಪಾತ್ರೆ ತೊಳೆದವಳಿಗೆ ಹೆಂಡತಿಯ ಹಕ್ಕೂ ಇಲ್ಲ, ಆಳಿನ ಕೂಲಿಯೂ ಇಲ್ಲವೆಂದರೆ ಅದು ಯಾವ ನ್ಯಾಯ?

ಈ ಕಠೋರತೆಯ ಪೂರ್ಣ ರೂಪವನ್ನು ನಮ್ಮ ಬೆಂಗಳೂರಿನದೇ ಒಂದು ಪ್ರಕರಣ ತೋರಿಸಿಕೊಟ್ಟಿತು. ಪಕ್ಷಗಾರರ ಹೆಸರು ಇಲ್ಲಿ ಅನಾವಶ್ಯಕ. ಒಂದೇ ಖಾಸಗಿ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಇಬ್ಬರು 1992ರಿಂದ ಜತೆಗೆ ವಾಸಿಸತೊಡಗಿದರು. ಅವಳು 33 ವರ್ಷದ ಅವಿವಾಹಿತೆ. ಅವನು ವಿವಾಹಿತ, ಇಬ್ಬರು ಮಕ್ಕಳ ತಂದೆ. ಇದು ಅವಳಿಗೆ ಗೊತ್ತಿತ್ತು. ಇಬ್ಬರೂ ಸೇರಿ ವ್ಯವಹಾರವೊಂದನ್ನು ಆರಂಭಿಸಿದರು. ಮುಂದೆ ಅವನು ಅದನ್ನು ತನ್ನ ಮನೆಗೆ ಸಾಗಿಸಿಕೊಂಡು ಮಗನೊಡನೆ ನಡೆಸತೊಡಗಿ ತನ್ನ ದುಡಿಮೆಯ ದಾರಿಯನ್ನೇ ಮುಚ್ಚಿದನೆಂಬುದು ಅವಳ ದೂರು. ಒಂದು ದಶಕಕ್ಕೂ ಮೀರಿದ ಬಾಳುವೆಯ ನಂತರ ಅವನು ಅವಳನ್ನು ಬಿಟ್ಟು ಹೋದನು. ಮ್ಯಾಜಿಸ್ಟ್ರೇಟರು ತಿಂಗಳಿಗೆ 18,000 ರೂಪಾಯಿ ಕೊಡುವಂತೆ ಆಜ್ಞೆ ಮಾಡಿದರು. ಸೆಷನ್ಸ್ ಕೋರ್ಟು ಅದನ್ನು ಎತ್ತಿಹಿಡಿಯಿತು. ಕರ್ನಾಟಕ ಹೈಕೋರ್ಟು ತಳ್ಳಿಹಾಕಿತು. 2013ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹೈಕೋರ್ಟಿನ ಮಾತನ್ನೇ ಸರಿಯೆಂದಿತು. ಅವನು ವಿವಾಹಿತನೆಂದು ತಿಳಿದೂ ಕಾಲಿಟ್ಟವಳ ಸಂಬಂಧ ಮದುವೆಯ ಸ್ವರೂಪದ್ದಲ್ಲ, ಆದುದರಿಂದ ಶಾಸನದ ಆಸರೆ ಅವಳಿಗಿಲ್ಲ.

ಅದೇ ತೀರ್ಪಿನಲ್ಲಿ ಇಂಥ ಸಂಬಂಧಗಳನ್ನು ಅಳೆಯುವ ಹಲವು ಒರೆಗಲ್ಲುಗಳನ್ನು ನ್ಯಾಯಾಲಯ ಕೊಟ್ಟಿದೆ. ಎಷ್ಟು ಕಾಲ ಬಾಳಿದರು, ಒಂದೇ ಮನೆಯಿತ್ತೆ, ಹಣವನ್ನು ಕೂಡಿಸಿದರೆ, ಮನೆಗೆಲಸ ಯಾರು ಮಾಡಿದರು, ಮಕ್ಕಳಾದರೆ, ಹತ್ತು ಜನರೆದುರು ಹೇಗೆ ನಡೆದುಕೊಂಡರು, ಅವರ ಉದ್ದೇಶವೇನಿತ್ತು ಇತ್ಯಾದಿ. ಇವುಗಳಲ್ಲಿ ಹಣದ ಮಾತು, ಎಂದರೆ ಜಂಟಿ ಖಾತೆ, ಕೂಡಿ ಕೊಂಡ ಸ್ಥಿರಾಸ್ತಿ, ಕೂಡಿ ಹೂಡಿದ ಬಂಡವಾಳ, ಮುಖ್ಯವಾದ ಒಂದು ಸಾಕ್ಷ್ಯ. ಅವಳಿಗೆ ಪರಿಹಾರ ನಿರಾಕರಿಸಿದ ನ್ಯಾಯಮೂರ್ತಿಗಳೇ ಇಂಥ ಸಂಬಂಧದಲ್ಲಿ ಹೆಂಗಸರೂ ಮಕ್ಕಳೂ ನೋಯುತ್ತಾರೆಂದು ಒಪ್ಪಿ, ಪಾರ್ಲಿಮೆಂಟು ಈ ವಿಷಯವನ್ನು ಆಲೋಚಿಸಿ ತಕ್ಕ ಶಾಸನ ತರಲೆಂದು ಸೂಚಿಸಿದರು. ನಮಗೆ ತಿಳಿದಂತೆ ಆ ಸೂಚನೆಗೆ ತಕ್ಕ ತಿದ್ದುಪಡಿ ಆ ಶಾಸನಕ್ಕೆ ಬಂದಿಲ್ಲ.

ಊರಿನಲ್ಲಿರುವ ಹೆಂಡತಿಯ ಮಾತೇನೆಂದು ವಾಚಕರು ಕೇಳಿಯಾರು. ನ್ಯಾಯವಾದ ಪ್ರಶ್ನೆ. ಮನಿಆರ್ಡರಿನ ದಿನವನ್ನೆಣಿಸಿದ ತಲೆಮಾರಿನ ಆ ತಾಯಂದಿರ ಹಕ್ಕನ್ನು ಕಿತ್ತು ಪಟ್ಟಣದವಳಿಗೆ ಕೊಡೆಂದು ನಾವು ಹೇಳುವುದಿಲ್ಲ. ಅವಳ ಜೀವನಾಂಶ, ಅವಳ ಮಕ್ಕಳ ಪಾಲು ಮೊದಲು. ಆದರೆ ಬೆಂಗಳೂರಿನಂಥ ಪ್ರಕರಣದಲ್ಲಿ ಲಾಭ ಯಾರಿಗಾಯಿತು? ಊರಿನ ಹೆಂಡತಿಗಲ್ಲ. ಎರಡೂ ಕಡೆ ಬಾಳಿದ ಗಂಡಸಿಗೆ. ಇಬ್ಬರು ಕೂಡಿ ಮಾಡಿದ ತಪ್ಪಿಗೆ ದಂಡ ತೆತ್ತವಳು ಒಬ್ಬಳೇ. ಮೊದಲ ಮದುವೆಯನ್ನು ಮುಚ್ಚಿಟ್ಟು ಇನ್ನೊಬ್ಬಳನ್ನು ವರಿಸಿ ವಂಚಿಸಿದವನು ತನ್ನ ತಪ್ಪಿನ ಲಾಭವನ್ನು ತಾನೇ ಪಡೆಯಲಾಗದೆಂದು, ಜೀವನಾಂಶದ ಮಟ್ಟಿಗೆ ಅವಳು ಹೆಂಡತಿಯೇ ಎಂದು, ಮಹಾರಾಷ್ಟ್ರದ ಒಂದು ಪ್ರಕರಣದಲ್ಲಿ ಅದೇ 2013ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ವಂಚಿತಳಾದವಳಿಗೆ ಉಂಟು, ತಿಳಿದು ಬಂದವಳಿಗೆ ಇಲ್ಲ. ಜೀವನಾಂಶದಲ್ಲಿ ಈ ಭೇದವನ್ನು ಒಪ್ಪೋಣ. ತಾನು ದುಡಿದು ತುಂಬಿದ ಹಣದಲ್ಲಿಯೂ ಅದೇ ಭೇದವೇ?

ಈ ಮಾತನ್ನು ಬಹು ಮೊದಲೇ ಆಡಿದವರಲ್ಲಿ ಕನ್ನಡಿಗರೊಬ್ಬರಿದ್ದರೆಂಬುದು ನಮಗೆ ಹೆಮ್ಮೆಯ ಸಂಗತಿ. ಕರ್ನಾಟಕ ಮತ್ತು ಕೇರಳ ಹೈಕೋರ್ಟುಗಳ ಮುಖ್ಯ ನ್ಯಾಯಾಧೀಶರಾಗಿದ್ದ ವಿ. ಎಸ್. ಮಳಿಮಠರ ಅಧ್ಯಕ್ಷತೆಯ ಸಮಿತಿಯು 2003ರ ತನ್ನ ವರದಿಯಲ್ಲಿ, ಸಾಕಷ್ಟು ದೀರ್ಘಕಾಲ ಹೆಂಡತಿಯಂತೆ ಬಾಳಿದವಳನ್ನೂ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮಿನ "ಹೆಂಡತಿ" ಎಂಬ ಪದದೊಳಗೆ ಸೇರಿಸಿರೆಂದು ಶಿಫಾರಸು ಮಾಡಿತ್ತು. 2024ರ ಜುಲೈ 1ರಿಂದ ಹಳೆಯ ಸಂಹಿತೆ ಹೋಗಿ ಹೊಸದು ಬಂದಿತು; 125ರ ಜಾಗಕ್ಕೆ 144 ಬಂದಿತು; ಶಿಫಾರಸು ಮಾತ್ರ ಒಳಗೆ ಬರಲಿಲ್ಲ.

ಉತ್ತರಾಖಂಡ ರಾಜ್ಯ ಬೇರೊಂದು ದಾರಿ ಹಿಡಿದಿದೆ. 2024ರಲ್ಲಿ ಅಂಗೀಕರಿಸಿ 2025ರ ಜನವರಿ 27ರಿಂದ ಜಾರಿಗೆ ತಂದ ಅಲ್ಲಿನ ಸಮಾನ ನಾಗರಿಕ ಸಂಹಿತೆಯಲ್ಲಿ ಸಂಗಾತಿಯು ತ್ಯಜಿಸಿದ ಹೆಣ್ಣಿಗೆ ಜೀವನಾಂಶ ಕೇಳುವ ಹಕ್ಕಿದೆ. ಮಕ್ಕಳು ಔರಸರೆಂದು ಘೋಷಿತರಾಗಿದ್ದಾರೆ. ಇದು ಸ್ವಾಗತಾರ್ಹ. ಆದರೆ ಜತೆಗಿರುವವರೆಲ್ಲ ಸರಕಾರದಲ್ಲಿ ಹೆಸರು ನೋಂದಾಯಿಸಬೇಕು, ತಪ್ಪಿದರೆ ಸೆರೆವಾಸವೂ ಆಗಬಹುದೆಂಬ ವಿಧಿ ನಮಗೆ ಸಮ್ಮತವಲ್ಲ. ಬಿಟ್ಟುಹೋದವನಿಂದ ಹಣ ಕೊಡಿಸಲು ಪೊಲೀಸರು ಬಾಗಿಲು ತಟ್ಟುವ ಅಗತ್ಯವಿಲ್ಲ. ಹಕ್ಕು ಕೇಳಬೇಕಾದವಳೇ ನೋಂದಣಿಯಾಗಿಲ್ಲವೆಂಬ ಭಯದಿಂದ ಬಾಯಿಮುಚ್ಚಿಕೊಂಡರೆ ಆ ಹಕ್ಕಿನಿಂದ ಬಂದ ಪ್ರಯೋಜನವೇನು?

ನಮ್ಮ ಅಭಿಪ್ರಾಯದಲ್ಲಿ ಮಾದರಿಯನ್ನು ದೂರ ಹುಡುಕಬೇಕಾಗಿಲ್ಲ. ಅದು ಹೋಟೆಲಿನ ಗಲ್ಲೆಯ ಹಿಂದೆಯೇ ಇದೆ. ಇಬ್ಬರು ಗೆಳೆಯರು ಬಾಯಿಮಾತಿನಲ್ಲಿ ಪಾಲುದಾರರಾಗಿ ಹೋಟೆಲು ತೆರೆಯುತ್ತಾರೆ. ಒಬ್ಬನದು ಬಂಡವಾಳ, ಇನ್ನೊಬ್ಬನದು ಅಡಿಗೆಯ ಕೈ. ನೋಂದಣಿಯಿಲ್ಲ, ಕರಾರುಪತ್ರವಿಲ್ಲ. ಹತ್ತು ವರ್ಷದ ಮೇಲೆ ಜಗಳವಾಗುತ್ತದೆ. 1932ರ ಪಾಲುದಾರಿಕೆ ಕಾನೂನು ನೋಂದಣಿಯಾಗದ ಸಂಸ್ಥೆಗೆ ಎಷ್ಟೋ ಅಡಚಣೆಗಳನ್ನು ಒಡ್ಡಿದ್ದರೂ, ಪಾಲುದಾರಿಕೆಯನ್ನು ಮುರಿದು ಲೆಕ್ಕ ಕೇಳುವ ಹಕ್ಕನ್ನು ಮಾತ್ರ ಕಸಿದುಕೊಂಡಿಲ್ಲ. ಮಹಾರಾಷ್ಟ್ರ ಸರಕಾರ 1984ರ ತಿದ್ದುಪಡಿಯಿಂದ ಆ ಹಕ್ಕನ್ನೂ ಮೊಟಕುಗೊಳಿಸಿದಾಗ ಸುಪ್ರೀಂ ಕೋರ್ಟು 2009ರಲ್ಲಿ ಅದು ಸಂವಿಧಾನಕ್ಕೆ ವಿರುದ್ಧವೆಂದು ಹೊಡೆದುಹಾಕಿತು. ಎಂದರೆ, ಇಡ್ಲಿ ಸಾಂಬಾರಿನ ಪಾಲುದಾರನಿಗೆ ಕಾಗದವಿಲ್ಲದಿದ್ದರೂ ಲೆಕ್ಕ ಕೇಳುವ ಅಧಿಕಾರವಿದೆ. ಅವನ ಕೈಕೆಲಸಕ್ಕೂ ಪಾಲಿನಲ್ಲಿ ಬೆಲೆಯಿದೆ. ಬಾಳಿನ ಪಾಲುದಾರರಿಗೆ ಅಷ್ಟೂ ಇಲ್ಲ.

ಪಾರ್ಲಿಮೆಂಟು ಮಾಡಬೇಕಾದುದು ಇಷ್ಟೆ. ಎರಡು ಮೂರು ವರ್ಷ ಒಂದೇ ಮನೆಯಲ್ಲಿ ಬಾಳಿ ಅಗಲಿದವರಲ್ಲಿ ಯಾರೇ ಕೇಳಿದರೂ, ಜತೆಗಿದ್ದಾಗ ಕೂಡಿಸಿದ ಸ್ವತ್ತಿನ ಮತ್ತು ಸಾಲದ ಲೆಕ್ಕ ತೆಗೆದು ಹಂಚುವ ಅಧಿಕಾರವನ್ನು ಕೌಟುಂಬಿಕ ನ್ಯಾಯಾಲಯಕ್ಕೆ ಕೊಡಲಿ. ಕಟ್ಟಿದ ಕಂತಿನೊಡನೆ ಅಡಿಗೆಮನೆಯ ಖರ್ಚನ್ನೂ ದುಡಿಮೆಯನ್ನೂ ಎಣಿಸಲಿ. ಧರ್ಮಪತ್ನಿಯಿದ್ದಲ್ಲಿ ಅವಳ ಮತ್ತು ಅವಳ ಮಕ್ಕಳ ಹಕ್ಕನ್ನು ಮೊದಲು ತೆಗೆದಿರಿಸಲಿ. ಇದರಿಂದ ಯಾರಿಗೂ ಹೆಂಡತಿಯ ಪದವಿ ಬರುವುದಿಲ್ಲ, ಯಾರ ಪದವಿಯೂ ಹೋಗುವುದಿಲ್ಲ. ಅನೀತಿಗೆ ಪ್ರೋತ್ಸಾಹವೆಂಬ ಆಕ್ಷೇಪಣೆ ಖಂಡಿತವಾಗಿ ಬರುತ್ತದೆ. ಲೆಕ್ಕ ಕೊಡಬೇಕಾದೀತೆಂದು ಗೊತ್ತಿರುವವನು ಎರಡನೆಯ ಮನೆ ಹೂಡುವ ಮೊದಲು ಒಂದು ಕ್ಷಣ ಹಿಂಜರಿದಾನು. ಏನೂ ಕೊಡಬೇಕಿಲ್ಲದವನಿಗೆ ಹಿಂಜರಿಕೆಯೇಕೆ? ಹಾಗೆಂದು ಕಾನೂನೊಂದು ಬಂದ ಮಾತ್ರಕ್ಕೆ ಹಣ ಸುರಿದೀತೆಂಬ ಭ್ರಮೆಯೂ ಬೇಡ. ಕ್ಯಾಲಿಫೋರ್ನಿಯದ ಸುಪ್ರೀಂ ಕೋರ್ಟು 1976ರಲ್ಲಿ ಚಿತ್ರನಟ ಲೀ ಮಾರ್ವಿನ್ ಅವರ ಪ್ರಕರಣದಲ್ಲಿ ಅವಿವಾಹಿತ ಸಂಗಾತಿಯೂ ಕರಾರಿನ ಆಧಾರದಿಂದ ಪಾಲು ಕೇಳಬಹುದೆಂದು ಬಾಗಿಲು ತೆರೆಯಿತು. 2010ರ ನಮ್ಮ ತೀರ್ಪಿನಲ್ಲಿಯೂ ಅದರ ಪ್ರಸ್ತಾಪವಿದೆ. ಆದರೆ ಪುರಾವೆ ಸಾಲದೆ ಹೋಗಿ, ಕೆಳಗಿನ ಕೋರ್ಟು ಕೊಡಿಸಿದ್ದ ಹಣವೂ 1981ರಲ್ಲಿ ಮೇಲ್ಮನವಿಯಲ್ಲಿ ರದ್ದಾಯಿತು.

ಗಂಡಸಿನ ಮಾತನ್ನೂ ಮರೆಯಬಾರದು. 2005ರ ಶಾಸನದಡಿ ಅರ್ಜಿ ಹಾಕುವ ಅಧಿಕಾರ ಹೆಂಗಸಿಗೆ ಮಾತ್ರ. ಹದಿನೈದು ವರ್ಷದ ಸಂಬಳವನ್ನು ತಿಂಗಳು ತಿಂಗಳು ಅವಳ ಕೈಗೆ ಕೊಟ್ಟು, ಕೊನೆಗೆ ಚಾಪೆ ಸುತ್ತಿಕೊಂಡು ಹೋಟೆಲಿನ ಅಟ್ಟಕ್ಕೆ ಮರಳುವ ಕಾರ್ಮಿಕನೂ ಇರಬಹುದು. ಲೆಕ್ಕದ ಕಾನೂನು ಇಬ್ಬರಿಗೂ ಒಂದೇ ಆಗಿರಬೇಕು.

ಮಕ್ಕಳ ಹಕ್ಕು ಮಾತ್ರ ತಂದೆತಾಯಿಯರ ಸಂಬಂಧದ ಹೆಸರನ್ನು ಅವಲಂಬಿಸಿಲ್ಲ. ಜೀವನಾಂಶದ ಕಲಮು ಔರಸ, ಅನೌರಸರೆಂಬ ಭೇದವಿಲ್ಲದೆ ಮಗುವಿಗೆ ಅನ್ವಯಿಸುತ್ತದೆ. ವಾರಸಿಕೆಯಲ್ಲಿ ತೊಡಕುಂಟು. ಸಿಂಧುವಲ್ಲದ ಮದುವೆಯಿಂದ ಹುಟ್ಟಿದ ಮಕ್ಕಳಿಗೆ ತಂದೆಯ ಸ್ವತ್ತಿನಲ್ಲಿಯೂ, ಅವಿಭಕ್ತ ಕುಟುಂಬದಲ್ಲಿ ಅವನಿಗೆ ಬರತಕ್ಕ ಭಾಗದಲ್ಲಿಯೂ ಪಾಲುಂಟೆಂದು 2023ರ ಸೆಪ್ಟೆಂಬರ್ 1ರಂದು ಕರ್ನಾಟಕದಿಂದಲೇ ಹೋದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಮದುವೆಯ ಶಾಸ್ತ್ರವೇ ನಡೆಯದಿದ್ದಲ್ಲಿ, ಗಂಡುಹೆಣ್ಣು ದೀರ್ಘಕಾಲ ದಂಪತಿಗಳಂತೆ ಬಾಳಿದ್ದರೆ ಮದುವೆಯಾದವರೆಂದೇ ಊಹಿಸತಕ್ಕದ್ದೆಂಬ ಹಳೆಯ ನಿಯಮ ನೆರವಿಗೆ ಬರಬಹುದು; 2022ರಲ್ಲಿ ಕೇರಳದ ಒಂದು ಪಾಲಿನ ದಾವೆಯಲ್ಲಿ ಅದು ನೆರವಾಯಿತು. ಆದರೂ ತಂದೆಯಾದವನು ಮರಣಶಾಸನ ಬರೆದಿಡುವುದೇ ಮೇಲು.

ಶಾಸನ ಬರುವವರೆಗೆ ಇಂಥ ಬಾಳುವೆಯಲ್ಲಿರುವವರು ಮಾಡಬಹುದಾದ ಕೆಲಸ ಕೆಲವುಂಟು. ಬಾಡಿಗೆಯ ಕರಾರನ್ನು ಇಬ್ಬರ ಹೆಸರಿನಲ್ಲಿ ಬರೆಯಿಸಿ ನೋಂದಣಿ ಮಾಡಿಸಬೇಕು. ಮಹಾರಾಷ್ಟ್ರದಲ್ಲಿ ಹೇಗೂ ಅದು ನೋಂದಣಿಯಾಗಲೇಬೇಕು. ಡಿಪಾಜಿಟ್ಟಿನಲ್ಲಿ ಯಾರೆಷ್ಟು ಕೊಟ್ಟರೆಂಬುದು ಅದರಲ್ಲಿಯೇ ಬರಲಿ. ಜಂಟಿ ಖಾತೆಗೆ ಇಬ್ಬರ ಸಹಿ ಬೇಕೆಂಬ ಷರತ್ತಿರಲಿ. ಮೊಬೈಲಿನಲ್ಲಿ ಹಣ ಕಳುಹಿಸುವಾಗ ಸಾಲವೋ, ಕಂತಿನ ಪಾಲೋ, ಚೀಟಿಯದೋ ಎಂದು ಎರಡು ಶಬ್ದ ಬರೆಯಲಿ. ಖರ್ಚಿನ ಮತ್ತು ಸ್ವತ್ತಿನ ಪಾಲಿನ ಬಗ್ಗೆ ಒಂದು ಕರಾರುಪತ್ರ ಮಾಡಿಕೊಳ್ಳುವುದು ಒಳ್ಳೆಯದು. ಜತೆಗಿರುವುದಕ್ಕೆ ಪ್ರತಿಫಲವಾಗಿ ಹಣ ಎಂಬ ಮಾತು ಅದರಲ್ಲಿ ಸುಳಿಯಲೂ ಕೂಡದು. ಅನೈತಿಕ ಉದ್ದೇಶದ ಕರಾರು ಅಸಿಂಧುವೆಂದು ಕರಾರು ಕಾನೂನಿನ 23ನೆಯ ಕಲಮು ಹೇಳುತ್ತದೆ.

ವ್ಯಾಜ್ಯವೇ ಬಂದರೆ ವಕೀಲರ ಫೀಜಿಗೆ ಹೆದರಿ ಹೆಂಗಸರು ಹಿಂದೆಗೆಯಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಶಾಸನದ 12ನೆಯ ಕಲಮಿನಂತೆ ಪ್ರತಿಯೊಬ್ಬ ಸ್ತ್ರೀಗೂ, ಅವಳ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿನ ಹಕ್ಕಿದೆ. ಕಾರ್ಮಿಕ ವರ್ಗದವರನ್ನೂ ಅದೇ ಕಲಮು ಹೆಸರಿಸುತ್ತದೆ. ದೂರವಾಣಿ 15100. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಅದರ ಕಚೇರಿಯಿರುತ್ತದೆ. ಹೋಗುವಾಗ ಬ್ಯಾಂಕಿನ ಪುಸ್ತಕ, ಬಾಡಿಗೆಯ ಕಾಗದ, ಇಬ್ಬರ ಹೆಸರೂ ವಿಳಾಸವೂ ಇರುವ ಗ್ಯಾಸಿನ ಅಥವಾ ಆಸ್ಪತ್ರೆಯ ಚೀಟಿ, ಚೀಟಿಯ ಲೆಕ್ಕ ಬರೆದಿಟ್ಟ ಹಳೆಯ ಡೈರಿ, ಎಲ್ಲವನ್ನೂ ಒಯ್ಯಬೇಕು. ಡೈರಿ ಕನ್ನಡದಲ್ಲಿದ್ದರೆ ಸಂಕೋಚಪಡಬೇಕಾಗಿಲ್ಲ, ಎಸೆಯಲೂ ಬಾರದು. ಮರಾಠಿಗೋ ಇಂಗ್ಲಿಷಿಗೋ ತರ್ಜುಮೆ ಮಾಡಿಸಿ ಮೂಲದೊಡನೆ ಲಗತ್ತಿಸಬಹುದು.